ನಿಂತ ಗಾಡಿಯ ಬೆಲ್ಟು

ಸೀಟ್ ಬೆಲ್ಟಿನ ಪಟ್ಟಿಯ ಅಗಲ ನಲವತ್ತೇಳು ಮಿಲಿಮೀಟರ್ ಇತ್ತು. ಎಡಗಡೆಯ ಬೆಲ್ಟಿನಲ್ಲಿ ಮಾತ್ರ ಒಂದು ಕಡೆ, ಗೇಣಿಗಿಂತ ತುಸು ಕಡಿಮೆ ಉದ್ದಕ್ಕೆ, ನಲವತ್ತೈದು. ವರ್ನಿಯರ್ ಅಳತೆಗೋಲನ್ನು ಮೂರು ಸಲ ಇಟ್ಟು ನೋಡಿದೆ. ಮೂರು ಸಲವೂ ಅಷ್ಟೇ ಬಂತು.

"ಚಾಚಾ, ಇದು ಇಲ್ಲಿ ಸಣ್ಣಾಗೈತಿ," ಎಂದೆ.

ಚಾಚಾ ಕಾರ್ಬುರೇಟರಿನ ಜೆಟ್ಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ತಿರುಗದೆಯೇ, "ತೊಳದಿದ್ದೆ ಬೇಟಾ, ಭಾಳ ಹೊಲಸಾಗಿತ್ತು. ತಂತಿ ಮ್ಯಾಲೆ ಹಾಕಿ ಒಣಗಿಸಿದ್ನಲ್ಲ, ಸೇದಿರಬೇಕು," ಎಂದರು.

ನಾನು ನೋಟ್‌ಬುಕ್ಕಿನಲ್ಲಿ "ಎಡ: 45. ಒಗೆದಾಗ ಕುಗ್ಗಿದ್ದೇ?" ಎಂದು ಬರೆದುಕೊಂಡು ಮುಂದಿನ ಕೆಲಸಕ್ಕೆ ಹೋದೆ. ಪಾಲಿಯೆಸ್ಟರ್ ನೀರಿಗೆ ಕುಗ್ಗುವುದಿಲ್ಲ. ಅದು ನನಗೆ ಆಗಲೂ ಗೊತ್ತಿತ್ತು.

ಚಾಚಾ ಎಂದರೆ ನನ್ನ ತಂದೆಯ ತಮ್ಮ. ಹರಪನಹಳ್ಳಿಯಲ್ಲಿ ಕೊಟ್ಟೂರು ರಸ್ತೆಗೆ ಅವರ ಗ್ಯಾರೇಜು. ಮೆಕ್ಯಾನಿಕಲ್ ಓದಿ ಮುಗಿಸಿ ಬಂದ ಮೇಲೆ ಎರಡು ವರ್ಷದಿಂದ ನಾನೂ ಅಲ್ಲೇ ಕೆಲಸ ಮಾಡುತ್ತೇನೆ. ಮನೆಯಲ್ಲಿ ನಾವು ಆಡುವುದು ಉರ್ದು. ಗ್ಯಾರೇಜಿಗೆ ಕಾಲಿಟ್ಟ ಮೇಲೆ ಚಾಚಾ ನನ್ನೊಡನೆಯೂ ಕನ್ನಡದಲ್ಲೇ ಮಾತಾಡುತ್ತಾರೆ. ಗಿರಾಕಿ ನಿಂತಿರುವಾಗ ಅವರಿಗೆ ತಿಳಿಯದ ಮಾತಾಡಬಾರದು ಎಂಬುದು ಚಾಚಾರ ನಿಯಮ. ಅಲ್ಲಿ ಅವರು ನನಗೆ ಪೂರ್ತಿಯಾಗಿ ಬಿಟ್ಟುಕೊಟ್ಟ ಮೊದಲ ಕೆಲಸ ಈ ಬೆಲ್ಟುಗಳದು.

ಕಾರು ಮೆಕ್ಕೆಜೋಳದ ಮಂಡಿ ಇಟ್ಟಿರುವ ಸಾಹುಕಾರರದ್ದು. ವಿದೇಶದಲ್ಲಿ ತಯಾರಾದ, ಎರಡೇ ಸೀಟಿನ, ಮೇಲೆ ಮಡಚುವ ಬಟ್ಟೆಯ ಹುಡ್ ಇರುವ ಸ್ಪೋರ್ಟ್ಸ್ ಕಾರು. ಅರವತ್ತರ ದಶಕದ್ದು. ಅವರ ತಂದೆ ಓಡಿಸಿ, ಕೊನೆಗೆ ಗೋದಾಮಿನಲ್ಲಿ ಜೋಳದ ಚೀಲಗಳ ಹಿಂದೆ ನಿಲ್ಲಿಸಿ ಹೋಗಿದ್ದರು. ಸೀಟಿನ ಸ್ಪ್ರಿಂಗಿನ ಒಳಗೆ ಇಲಿ ಗೂಡು ಕಟ್ಟಿತ್ತು. ಚಾಚಾ ಒಂದೂವರೆ ವರ್ಷ ಕೈಯಾಡಿಸಿ ಇಂಜಿನ್ನಿಗೆ ಜೀವ ತಂದರು. ಉಳಿದದ್ದು ಬೆಲ್ಟು. ಆ ಕಾರಿಗೆ ಹುಟ್ಟಿನಿಂದಲೇ ಬೆಲ್ಟು ಇರಲಿಲ್ಲ.

ಬೆಲ್ಟು ಬೇಕೆಂದವರು ಸಾಹುಕಾರರ ಹೆಂಡತಿ. ಹನ್ನೆರಡು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂಬ್ರಹಳ್ಳಿಯ ಅಜ್ಜಿಯ ಮನೆಗೆ ಹೋಗಿ ಬರಬೇಕೆಂದು ಸಾಹುಕಾರರ ಆಸೆ. ಬೆಲ್ಟಿಲ್ಲದ ಗಾಡಿಯಲ್ಲಿ ಮಗಳನ್ನು ಕಳಿಸುವುದಿಲ್ಲ ಎಂದು ಆಕೆ ಒಂದೇ ಮಾತು ಹೇಳಿದ್ದರಂತೆ. ಸುಗ್ಗಿಯ ದಿನಗಳು. ರಸ್ತೆಯ ಅರ್ಧಕ್ಕೆ ಜನ ಮೆಕ್ಕೆಜೋಳ ಹರವಿರುತ್ತಾರೆ, ಉಳಿದರ್ಧದಲ್ಲಿ ಲಾರಿಗಳು. ಆಕೆ ಹೇಳಿದ್ದು ಸರಿಯೆಂದು ನನಗನ್ನಿಸಿತ್ತು.

ಹೊಸ ಬೆಲ್ಟು ತರಿಸಬಹುದಿತ್ತು. ಅಂಗಡಿಯಲ್ಲಿ ಸಿಗುವ ಡೂಪ್ಲಿಕೇಟನ್ನು ಚಾಚಾ ನಂಬುವುದಿಲ್ಲ, ಒಳ್ಳೆಯದು ಬರಲು ಮೂರು ವಾರ. ಅದಕ್ಕಿಂತ, ಇತ್ತೀಚಿನ ಕಾರಿನಿಂದ ಬಿಚ್ಚಿದ ಕಂಪನಿ ಮಾಲು ವಾಸಿ ಎಂದರು. ನಾನೂ ಒಪ್ಪಿದೆ. ಒಂದು ಸಣ್ಣ ಕಾರಿನ ಮಾದರಿ ಹೇಳಿ, ಹಿಂದಿನ ಸೀಟಿನದೇ ಬೇಕು ಎಂದೆ. ಮುಂದಿನ ಬೆಲ್ಟುಗಳಲ್ಲಿ ಡಿಕ್ಕಿಯಾದಾಗ ಸಿಡಿದು ಪಟ್ಟಿಯನ್ನು ಬಿಗಿಮಾಡುವ ಮದ್ದಿನ ಕೊಳವೆ ಇರುತ್ತದೆ. ಅದಕ್ಕೆ ವಿದ್ಯುತ್ ಸಂಕೇತ ಬೇಕು, ಹಳೆಯ ಕಾರಿನಲ್ಲಿ ಅದು ಕೆಲಸಕ್ಕೆ ಬಾರದು. ಹಿಂದಿನವು ಸರಳ. ಚಾಚಾ ದಾವಣಗೆರೆಯ ಗುಜರಿಗೆ ಹೊರಟಾಗ ಚೀಟಿಯಲ್ಲಿ ಬರೆದೂ ಕೊಟ್ಟಿದ್ದೆ: ಅಪಘಾತವಾಗದ ಗಾಡಿಯದು.

ಸಂಜೆ ಅವರು ಬಂದು, "ನಿಂತ ಗಾಡಿದಂತ," ಎಂದರು. ಅಂದರೆ ಓಡಿಸುವವರಿಲ್ಲದೆ ನಿಂತುಹೋದ ಗಾಡಿ. ಗುಜರಿಯಲ್ಲಿ ಎಲ್ಲ ಸಾಮಾನೂ ನಿಂತ ಗಾಡಿಯದೇ. ಆಮೇಲೆ ಯಾರೂ ಇನ್ನೊಂದು ಪ್ರಶ್ನೆ ಕೇಳುವುದಿಲ್ಲ. ಎರಡು ದಿನ ಬೆಲ್ಟುಗಳು ಚಾಚಾರ ಮನೆಯಲ್ಲೇ ಇದ್ದವು. ಗುರುವಾರ ಬೆಳಿಗ್ಗೆ ತೊಳೆದು ಒಣಗಿಸಿದ ಬೆಲ್ಟುಗಳು ನನ್ನ ಮೇಜಿನ ಮೇಲಿದ್ದವು. ಬ್ಲೀಚಿಂಗ್ ಪೌಡರಿನ ವಾಸನೆ ಬರುತ್ತಿತ್ತು. ಗಾಡಿ ಕೊಡಬೇಕಾದದ್ದು ಮುಂದಿನ ವಾರದ ಭಾನುವಾರ.

ಬೆಲ್ಟು ಎಷ್ಟೇ ಗಟ್ಟಿಯಿದ್ದರೂ ಅದನ್ನು ಕಚ್ಚಿಕೊಂಡ ತಗಡು ಕಿತ್ತುಬಂದರೆ ಪ್ರಯೋಜನವಿಲ್ಲ. ಒಂದೊಂದು ಸೀಟಿಗೆ ಮೂರು ಹಿಡಿತದ ಜಾಗ ಬೇಕು: ಬಾಗಿಲ ಕಡೆ ನೆಲದಂಚಿನಲ್ಲಿ ಒಂದು, ನಡುವಿನ ಗೇರ್ ದಿಬ್ಬದ ಮಗ್ಗುಲಿಗೆ ಒಂದು, ಭುಜದ ಹಿಂದೆ ಹಿಂಚಕ್ರದ ಕಮಾನಿನ ಮೇಲೆ ಒಂದು. ಮೂರು ಮಿಲಿಮೀಟರ್ ದಪ್ಪದ ತಗಡನ್ನು ಅಂಗೈಯಗಲ ಕತ್ತರಿಸಿ, ಮೂಲೆ ದುಂಡಗೆ ಮಾಡಿ, ನಟ್ಟು ವೆಲ್ಡ್ ಮಾಡಿ, ಪ್ರತಿ ತೂತಿನ ಹಿಂದೆ ಕೂರಿಸಬೇಕಿತ್ತು. ಬೋಲ್ಟು ಗ್ಯಾರೇಜಿನ ಲೆಕ್ಕದಲ್ಲಿ ಮೂರೂವರೆ ಸೂತಿನದು, ಎಂದರೆ ಇಂಚಿನ ಹದಿನಾರರಲ್ಲಿ ಏಳು ಭಾಗ.

ಎಡಗಡೆಯ ನೆಲದಂಚಿನಲ್ಲಿ ತೂತಿನ ಜಾಗ ಗುರುತಿಸಲು ಪಂಚಿಟ್ಟು ಒಂದು ಪೆಟ್ಟು ಹಾಕಿದೆ. ಪಂಚು ಒಳಗೇ ಇಳಿದುಹೋಯಿತು. ಮೇಲೆ ಕಾಣುತ್ತಿದ್ದದ್ದು ಬಣ್ಣ, ಅದರ ಕೆಳಗೆ ಪುಟ್ಟಿ, ಅದರ ಕೆಳಗೆ ತುಕ್ಕು. ಕೆರೆಯುತ್ತ ಹೋದರೆ ಮೊಳದುದ್ದ ತಗಡೇ ಇರಲಿಲ್ಲ.

"ಮುಟ್ಟಬ್ಯಾಡ ಅಂದ್ರ ಕೇಳ್ಳಿಲ್ಲ," ಎಂದರು ಚಾಚಾ, ಬಗ್ಗಿ ನೋಡುತ್ತ. "ಈಗ ನೋಡು, ಕಾಲು ಹಾಕಿದ್ರ ನೆಲ ಸಿಕ್ತೈತಿ. ಸಾಹುಕಾರ್ರು ಬ್ರೇಕ್ ಇಲ್ದನ ನಿಲ್ಲಿಸಬೌದು."

ಅದನ್ನು ಕತ್ತರಿಸಿ ಹೊಸ ತಗಡು ಕೂರಿಸಲು ಮೂರು ದಿನ ಹಿಡಿಯಿತು.

ಸೋಮವಾರ ಸಾಹುಕಾರರು ಅಳತೆ ಕೊಡಲು ಮಗಳ ಜೊತೆ ಬಂದರು. ಭುಜದ ಪಟ್ಟಿ ಹೊರಡುವ ಜಾಗ ಭುಜಕ್ಕಿಂತ ತೀರ ಕೆಳಗಿದ್ದರೆ, ಡಿಕ್ಕಿಯಾದಾಗ ಅದು ಬೆನ್ನುಮೂಳೆಯನ್ನು ಕೆಳಕ್ಕೆ ಜಗ್ಗುತ್ತದೆ. ಅದಕ್ಕೆ ಇಬ್ಬರನ್ನೂ ಕೂರಿಸಿ ನೋಡಬೇಕಿತ್ತು. ಸೊಂಟದ ಪಟ್ಟಿಯ ಅಳತೆಗೆ ಟೇಪು ಹಿಡಿದಾಗ ಸಾಹುಕಾರರು ಹೊಟ್ಟೆಯನ್ನು ಒಳಗೆ ಎಳೆದುಕೊಂಡರು.

"ಉಸ್ರು ಬಿಡ್ರಿ ಸಾಹುಕಾರ್ರ," ಎಂದರು ಚಾಚಾ. "ತಂಬ್ರಹಳ್ಳಿ ಮಟ ಹಿಂಗ ಹಿಡ್ಕಂಡು ಹೋಕ್ಕೀರೇನು?"

"ನಿಮ್ಮಣ್ಣನ ಮಗಳು ಅದಾಳಲ್ಲಪ್ಪ, ನಾಚಿಕಿ ಆಕ್ಕತಿ."

"ಅಕಿ ಇಂಜಿನಿಯರ್ ಅದಾಳ. ಅಕಿಗೆ ಹೊಟ್ಟಿ ಕಾಣಂಗಿಲ್ಲ, ನಂಬರ್ ಕಾಣ್ತೈತಿ."

ಹುಡುಗಿ ಎಡ ಸೀಟಿನಲ್ಲಿ ಕೂತು, ಎರಡೂ ಕೈಯನ್ನು ಬಾಗಿಲ ಮೇಲಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. "ಅಕ್ಕಾ, ಇದನ್ನ ಹಾಕ್ಕಂಡ್ರ ಎದ್ದು ನಿಂತ್ಕಳಾಕ ಬರಂಗಿಲ್ಲೇನು?"

"ಬರಂಗಿಲ್ಲ."

"ಹಂಗಾರ ಮ್ಯಾಲಿನ ಬಟ್ಟಿ ತಗಿಯೋದು ಯಾತಕ್ಕ?"

ಅವಳ ಭುಜದ ಎತ್ತರ ಬರೆದುಕೊಂಡೆ.

ಬುಧವಾರ ಮೊದಲ ಸಲ ಬೆಲ್ಟು ಕೂರಿಸಿದೆ. ಎರಡೂ ಒಂದು ಬೆರಳಿನಷ್ಟೂ ಹೊರಗೆ ಬರಲಿಲ್ಲ. ಪಟ್ಟಿ ಸುತ್ತಿಕೊಳ್ಳುವ ಡಬ್ಬಿಯ ಸ್ಪ್ರಿಂಗ್ ಹೋಗಿದೆ ಎಂದರು ಚಾಚಾ. ಆ ಡಬ್ಬಿಯೊಳಗೆ ಒಂದು ಉಕ್ಕಿನ ಗುಂಡು ಸಣ್ಣ ಬಟ್ಟಲಿನಲ್ಲಿ ಕೂತಿರುತ್ತದೆ. ಗಾಡಿ ತಟ್ಟನೆ ನಿಂತರೆ ಗುಂಡು ಮುಂದಕ್ಕೆ ಉರುಳಿ ಪಟ್ಟಿಗೆ ಬೀಗ ಹಾಕುತ್ತದೆ. ಡಬ್ಬಿಯೇ ಓರೆಯಾಗಿದ್ದರೆ ಗುಂಡು ಸದಾ ಉರುಳಿಯೇ ಇರುತ್ತದೆ. ಚಕ್ರದ ಕಮಾನು ಹಿಂದಕ್ಕೆ ಬಾಗಿತ್ತು, ಅದರ ಮೇಲಿನ ಡಬ್ಬಿಯೂ ಬಾಗಿತ್ತು. ಗ್ಯಾರೇಜಿನಲ್ಲಿ ಕ್ಲಚ್ ಕೆಲಸಕ್ಕೆ ಬಂದಿದ್ದ ಅದೇ ಮಾದರಿಯ ಒಂದು ಸಣ್ಣ ಕಾರಿತ್ತು. ಅದರ ಹಿಂಬದಿಯ ಹೊದಿಕೆ ಬಿಚ್ಚಿ, ಡಬ್ಬಿ ಯಾವ ಕೋನದಲ್ಲಿ ನಿಂತಿದೆ ಎಂದು ಕೋನಮಾಪಕದಿಂದ ನೋಡಿದೆ. ಮೊದಲು ರಟ್ಟಿನಲ್ಲಿ, ಆಮೇಲೆ ತಗಡಿನಲ್ಲಿ ಬೆಣೆಯಾಕಾರದ ಪೀಠ ಮಾಡಿ ಡಬ್ಬಿಗಳನ್ನು ನೆಟ್ಟಗೆ ನಿಲ್ಲಿಸಿದೆ. ಪಟ್ಟಿ ಸರಾಗವಾಗಿ ಬಂತು. ಜಗ್ಗಿದರೆ ಹಿಡಿಯಿತು, ಬಿಟ್ಟರೆ ಸುತ್ತಿಕೊಂಡಿತು. ಚಾಚಾ ಅದನ್ನು ಹತ್ತು ಸಲವಾದರೂ ಎಳೆದು ಬಿಟ್ಟು ನೋಡಿದರು. ಟೀ ತರಿಸಿದರು.

ಆ ದಿನ ನನಗೆ ಬಹಳ ಸಂತೋಷವಾಗಿತ್ತು. ಅದನ್ನು ಬರೆಯಲು ಈಗ ಮುಜುಗರವಾಗುತ್ತದೆ.

ಶನಿವಾರ ಮಧ್ಯಾಹ್ನ ತೆಲಿಗಿ ರಸ್ತೆಯಲ್ಲಿ ಓಡಿಸಿ ನೋಡಿದೆವು. ಚಾಚಾ ಚಾಲಕನ ಸೀಟಿನಲ್ಲಿ, ನಾನು ಎಡಕ್ಕೆ. ಜೋಳ ಹರವಿಲ್ಲದ ಒಂದು ನೇರ ಜಾಗದಲ್ಲಿ ಮೂವತ್ತರ ವೇಗಕ್ಕೆ ತಂದು ಗಟ್ಟಿಯಾಗಿ ಬ್ರೇಕ್ ಹಾಕಿದರು. ಎರಡೂ ಬೆಲ್ಟು ಹಿಡಿದವು. ವಾಪಸು ಬಂದು ಇಳಿಯುವಾಗ ನನ್ನ ಬೆಲ್ಟು ಅರ್ಧ ಸುತ್ತಿಕೊಂಡು ಒಂದು ಕ್ಷಣ ತಡೆಯಿತು, ಆಮೇಲೆ ಒಳಗೆ ಹೋಯಿತು. ಮತ್ತೆ ಎಳೆದು ಬಿಟ್ಟೆ. ಅದೇ ಜಾಗದಲ್ಲಿ ತಡೆಯಿತು. ಅದು ನಲವತ್ತೈದು ಮಿಲಿಮೀಟರಿನ ಜಾಗ.

ಬೋಲ್ಟು ಬಿಚ್ಚಿ ಬೆಲ್ಟನ್ನು ಬಿಸಿಲಿಗೆ ತಂದೆ. ಆ ಗೇಣುದ್ದದಲ್ಲಿ ಪಟ್ಟಿಯ ನೇಯ್ಗೆ ಸಣ್ಣಗೆ ಅಲೆಯಲೆಯಾಗಿತ್ತು, ಇಸ್ತ್ರಿ ಪೆಟ್ಟಿಗೆ ಹೆಚ್ಚು ಹೊತ್ತು ಇಟ್ಟ ಬಟ್ಟೆಯಂತೆ ಹೊಳೆಯುತ್ತಿತ್ತು. ಭುಜದ ಬಳಿ ಪಟ್ಟಿ ತೂರಿಬರುವ ಪ್ಲಾಸ್ಟಿಕ್ ಬಳೆಯ ಒಳಮೈಯಲ್ಲಿ ಕರಗಿ ಎಳೆದ ಗೀರುಗಳಿದ್ದವು. ಕೆಳತುದಿಯಲ್ಲಿ ಪಟ್ಟಿಯನ್ನು ಮಡಚಿ ಹೊಲಿದು, ಮೇಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿರುತ್ತಾರೆ. ಆ ಮುಚ್ಚಳವನ್ನು ನಾನು ಒಮ್ಮೆಯೂ ತೆಗೆದಿರಲಿಲ್ಲ. ಈಗ ತೆಗೆದೆ. ಮಡಿಕೆ ಬಿಚ್ಚಿಕೊಂಡಿತ್ತು. ಹೊಲಿಗೆಯ ಎಳೆಗಳು ಸಾಲಾಗಿ ಕಡಿದಿದ್ದವು. ಭಾರಿ ಎಳೆತಕ್ಕೆ ಮಾತ್ರ ಹರಿಯಲೆಂದೇ ಹಾಕುವ ಹೊಲಿಗೆ ಅದು. ಹರಿದಿದ್ದರೆ ಆ ಬೆಲ್ಟಿನ ಕೆಲಸ ಮುಗಿಯಿತು ಎಂದರ್ಥ. ಒಂದು ಸಲ ಒಬ್ಬರನ್ನು ತಡೆದ ಪಟ್ಟಿಗೆ ಮತ್ತೊಬ್ಬರನ್ನು ತಡೆಯುವ ಶಕ್ತಿ ಇರುತ್ತದೆಂದು ಹೇಳಲಾಗುವುದಿಲ್ಲ.

ಕ್ಲಚ್ಚಿಗೆ ಬಂದಿದ್ದ ಕಾರು ಇನ್ನೂ ಅಲ್ಲೇ ಇತ್ತು. ಅದರ ಹಿಂದಿನ ಸೀಟಿನಲ್ಲಿ ಎಡಕ್ಕೆ ಕೂತು ಬೆಲ್ಟು ಹಾಕಿಕೊಂಡೆ. ಭುಜದ ಬಳೆಯೊಳಗೆ ಪಟ್ಟಿಯ ಯಾವ ಭಾಗ ಕೂತಿದೆಯೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಹಾಕಿ, ಕೆಳತುದಿಯಿಂದ ಅಳೆದೆ. ಆಮೇಲೆ ನಮ್ಮ ಬೆಲ್ಟಿನಲ್ಲಿ ನಲವತ್ತೈದರ ಜಾಗವನ್ನು ಅಳೆದೆ. ಎರಡಕ್ಕೂ ಎರಡೇ ಬೆರಳಿನ ವ್ಯತ್ಯಾಸ. ಆ ಸೀಟಿನಲ್ಲಿ ಕೂತಿದ್ದವರ ಮೈ ಹೆಚ್ಚುಕಡಿಮೆ ನನ್ನಷ್ಟೇ ಇತ್ತು. ಇಷ್ಟನ್ನು ತಿಳಿಯುವ ಅಗತ್ಯ ಕೆಲಸಕ್ಕೆ ಇರಲಿಲ್ಲ.

ಚಾಚಾ ಕೈ ತೊಳೆಯುತ್ತಿದ್ದರು. ಹರಿದ ಹೊಲಿಗೆಯನ್ನು ಅವರ ಮುಂದೆ ಹಿಡಿದೆ.

"ತೊಳಿಯೋವಾಗ ಇದ್ರ ಮ್ಯಾಲೆ ಏನಿತ್ತು, ಚಾಚಾ?"

ಅವರು ಹೊಲಿಗೆಯನ್ನು ನೋಡಿದರು. ನನ್ನನ್ನು ನೋಡಲಿಲ್ಲ. "ರಕ್ತ ಇತ್ತು. ಒಣಗಿತ್ತು. ಕರೀ ಪಟ್ಟಿ ಅಲ್ಲೇನು, ಕಣ್ಣಿಗೆ ಕಾಣಂಗಿಲ್ಲ. ಕೈಯಾಗ ಹಿಡದ್ರ ಗಟ್ಟಿ ಹತ್ತಿತು. ನೀರು ಹಾಕಿದ ಮ್ಯಾಲೆ ಗೊತ್ತಾತು."

"ನನಗ ಹೇಳ್ಲಿಲ್ಲ."

"ಹೇಳೋದೇನೈತಿ ಬೇಟಾ? ನಾಪಾಕ್ ಇತ್ತು, ಪಾಕ್ ಮಾಡಿದೆ. ಬಿಸಿನೀರು, ಬ್ಲೀಚಿಂಗ್ ಪೌಡರು, ಮೂರು ಸಲ. ಒಂದ ತೊಳದ್ರ ಮನಸ್ಸಿಗೆ ಸಮಾಧಾನ ಆಗಂಗಿಲ್ಲ ಅಂತ ಎರಡೂ ತೊಳದೆ. ನಿಮ್ಮ ದಾದಿ, ನಮ್ಮವ್ವ, ಹಂಗ ತೊಳೀತಿದ್ಲು, ನೀರು ತಿಳಿ ಬರಾ ಮಟ. ಕೂಸು ಕುಂದ್ರೋ ಸೀಟಿಂದು ಅದು. ಹಂಗ ಹ್ಯಾಂಗ ಹಾಕ್ಲಿ?"

"ಗುಜರಿಯವ್ನು ನಿಂತ ಗಾಡಿದು ಅಂದಿದ್ನಲ್ಲ."

"ಎಲ್ಲಾರೂ ಅಂತಾರ." ಪಟ್ಟಿಯನ್ನು ಒಮ್ಮೆ ಜಗ್ಗಿ ನೋಡಿ ಕೇಳಿದರು: "ಹರದಿಲ್ಲಲ್ಲ ಪಟ್ಟಿ? ಹಗ್ಗ ಹರೀಲಿಲ್ಲಂದ್ರ ಗಟ್ಟಿ ಐತಿ ಅಂತಲ್ಲೇನು?"

ಅವರಿಗೆ ಅದನ್ನು ವಿವರಿಸಿದೆ. ಉದ್ದಕ್ಕೆ ಹಿಗ್ಗಿ ಅಗಲ ಕಳೆದುಕೊಂಡ ಪಟ್ಟಿಯ ವಿಷಯ, ಹೊಲಿಗೆಯ ವಿಷಯ, ಬ್ಲೀಚಿಂಗ್ ಪೌಡರು ಎಳೆಗೆ ಏನು ಮಾಡಬಹುದು ಎಂಬ ವಿಷಯ. ಬಲಗಡೆಯದು ಹಿಗ್ಗಿರಲಿಲ್ಲ, ಆದರೆ ಅದನ್ನೂ ಮೂರು ಸಲ ಪೌಡರಿನಲ್ಲಿ ನೆನೆಸಿದ್ದರಿಂದ ನಂಬುವಂತಿರಲಿಲ್ಲ. ಚಾಚಾ ಒರೆಸಿಕೊಂಡ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತ ಕೇಳಿದರು. ಅವರಿಗೆ ಹೇಳುವಾಗ ನನ್ನ ನೋಟ್‌ಬುಕ್ಕಿನ ಪ್ರಶ್ನಾರ್ಥಕ ಚಿಹ್ನೆ ಕಣ್ಣಮುಂದೆ ಇತ್ತು. ಅವರು ಮಾಡಿದ್ದು ತಿಳಿಯದೆ. ನಾನು ಮೊದಲ ದಿನವೇ ಅಳೆದಿದ್ದೆ. ಕೆಲಸ ಕೈತಪ್ಪೀತೆಂದು, ದೊಡ್ಡವರನ್ನು ಎದುರು ಪ್ರಶ್ನಿಸಿದಂತಾದೀತೆಂದು, ಒಂಬತ್ತು ದಿನ ಅದರ ಕಡೆ ತಿರುಗಿರಲಿಲ್ಲ.

ಸಾಹುಕಾರರಿಗೆ ಫೋನ್ ಮಾಡಿದೆ. ಬೆಲ್ಟು ಸರಿಯಿಲ್ಲ, ಹೊಸದು ತರಿಸಬೇಕು, ಮೂರು ವಾರ ಬೇಕು ಎಂದೆ.

"ಅಲ್ಲವ್ವಾ, ನಾಳೆ ಹೊಂಟೀವಲ್ಲ. ಮಗಳು ಹಾಕ್ಕಳೋ ಬಟ್ಟಿ ಸೈತ ಇಸ್ತ್ರಿ ಮಾಡಿಸಿ ಇಟ್ಕಂಡಾಳ. ಅವರಜ್ಜಿ ಹೋಳಿಗಿ ಮಾಡಾಕ ಹತ್ಯಾಳ."

"ಆ ಬೆಲ್ಟು ಒಂದು ಆಕ್ಸಿಡೆಂಟಿನಾಗ ಜಗ್ಗಿಸಿಕಂಡೈತಿ ಸರ್. ಹಿಡಿಯೋ ಗ್ಯಾರಂಟಿ ಇಲ್ಲ."

"ಹಿಡಿಯೋದು ಯಾಕ ಬೇಕವ್ವಾ? ನಲವತ್ತರ ಮ್ಯಾಲೆ ಹೋಗಂಗಿಲ್ಲ ನಾನು. ನೀ ಸುಮ್ನ ಹಾಕಿಕೊಡು. ನಮ್ಮ ಮನಿಯಾಕಿ ಕಣ್ಣಿಗೆ ಬೆಲ್ಟು ಕಂಡ್ರ ಸಾಕು. ನಮ್ಮಪ್ಪ ಮೂವತ್ತು ವರ್ಷ ಬೆಲ್ಟಿಲ್ದನ ಓಡ್ಸಿದ್ದ ಗಾಡಿ ಅದು. ಎಂಟಕ್ಕ ಬರ್ತೀನಿ." ಫೋನ್ ಇಟ್ಟರು.

ಅವರು ಕೆಟ್ಟ ಮನುಷ್ಯರಲ್ಲ. ಮಗಳ ಮುಂದೆ ಮಾತು ತಪ್ಪಲು ಅವರಿಗೆ ಮನಸ್ಸಿರಲಿಲ್ಲ, ಅಷ್ಟೆ. ಆದರೆ ಬೆಲ್ಟು ಕಾರಿನಲ್ಲಿ ಉಳಿದರೆ ಆ ತಾಯಿ ಅದನ್ನು ನಂಬಿ ಮಗಳನ್ನು ಕೂರಿಸುತ್ತಾರೆ. ನಾನು ಸುಳ್ಳು ಬೆಲ್ಟು ಹಾಕಿ ಆಕೆಯ ಒಪ್ಪಿಗೆ ತೆಗೆದುಕೊಂಡಂತಾಗುತ್ತದೆ.

ಬಲಗಡೆಯದನ್ನೂ ಬಿಚ್ಚಿದೆ. ಎರಡನ್ನೂ ಮೇಜಿನ ಮೇಲೆ ಹಾಕಿ, ಟಾರ್ಪಾಲು ಕೊಯ್ಯುವ ಚಾಕು ತೆಗೆದುಕೊಂಡೆ.

"ಕೊಯ್ಯಬ್ಯಾಡ," ಎಂದರು ಚಾಚಾ. "ವಾಪಸ್ ಕೊಟ್ಟು ಬರ್ತೀನಿ. ತಗೋತಾನ ಆ ಗುಜರಿಯವ್ನು."

"ತಗೊಂಡು ಏನು ಮಾಡ್ತಾನ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ತೊಳೆದು ಶುಭ್ರವಾದ ಬೆಲ್ಟು, ನಿಂತ ಗಾಡಿಯದು, ಇನ್ನೊಬ್ಬರ ಗಾಡಿಗೆ ಹೋಗುತ್ತದೆ. ಈಗ ಅದರ ಮೇಲೆ ಕಲೆಯೂ ಇಲ್ಲ.

ಸಡಿಲವಾಗಿ ಬಿದ್ದ ಪಟ್ಟಿಯನ್ನು ಚಾಕು ಕೊಯ್ಯುವುದಿಲ್ಲ. ಜಾರುತ್ತದೆ. ಎರಡು ಸಲ ಜಾರಿತು, ಎರಡನೆಯ ಸಲ ನನ್ನ ಹೆಬ್ಬೆರಳಿಗೆ ತಗಲಿತು. ಚಾಚಾ ಬಂದು ಒಂದು ತುದಿಯನ್ನು ಚಪ್ಪಲಿಯಡಿ ಮೆಟ್ಟಿ, ಇನ್ನೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಿಗಿಯಾಗಿ ಎಳೆದರು. ನಾನು ಕೊಯ್ದೆ. ಮತ್ತೆ ಹಿಡಿದರು, ಮತ್ತೆ ಕೊಯ್ದೆ. ಹೀಗೆ ಎರಡೂ ಬೆಲ್ಟನ್ನು ಮೊಳಮೊಳ ತುಂಡು ಮಾಡಿದೆವು. ಹೊಲಿಗೆ ಹರಿದ ತುದಿಯನ್ನು ಮಾತ್ರ ನಾನು ಎತ್ತಿಟ್ಟುಕೊಂಡೆ. ಉಳಿದದ್ದನ್ನು ಚಾಚಾ ಒಂದು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು.

"ಯಾರಿದ್ರೋ ಏನೋ," ಎಂದರು. ಅದನ್ನು ಉರ್ದುವಿನಲ್ಲಿ ಹೇಳಿದರು.

ಮನೆಗೆ ಹೋಗುವಾಗ ಯೋಚಿಸಿದೆ. ಬೆಲ್ಟು ಇಲ್ಲವೆಂದರೂ ಸಾಹುಕಾರರು ನಿಲ್ಲುವವರಲ್ಲ, ಹೆಂಡತಿಗೆ ಹೇಳದೆ ಹೊರಟಾರು. ಗಾಡಿ ಅವರದು, ಬೀಗದ ಕೈ ಕೇಳಿದರೆ ಕೊಡಲೇಬೇಕು. ಬಟ್ಟೆ ಇಸ್ತ್ರಿ ಮಾಡಿಸಿಟ್ಟುಕೊಂಡ ಹುಡುಗಿ ಆ ಎಡ ಸೀಟಿನಲ್ಲಿ ಕೂತೇ ಕೂರುತ್ತಾಳೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಗ್ಯಾರೇಜಿನ ಶಟರ್ ಎತ್ತಿದೆ. ಕಾರಿನ ಎಡಗಡೆಯ ಸೀಟನ್ನು ಮುಂದಕ್ಕೆ ಸರಿಸಿ ಹಿಂದಿನ ಎರಡು ಬೋಲ್ಟು ಬಿಚ್ಚಿದೆ, ಹಿಂದಕ್ಕೆ ಸರಿಸಿ ಮುಂದಿನ ಎರಡು ಬಿಚ್ಚಿದೆ. ನಾಲ್ಕನ್ನೂ ಜೇಬಿಗೆ ಹಾಕಿಕೊಂಡೆ. ಸೀಟನ್ನು ಎತ್ತಿ ಹೊರಗೆ ತಂದು ಶಟರಿನ ಮುಂದೆ ನೆಲದ ಮೇಲೆ ಇಟ್ಟೆ. ಆಮೇಲೆ ಹೊಲಿಗೆ ಹರಿದ ತುಂಡನ್ನು ತೊಡೆಯ ಮೇಲಿಟ್ಟುಕೊಂಡು, ಆ ಸೀಟಿನಲ್ಲಿ ಕೂತು, ರಸ್ತೆ ನೋಡುತ್ತ ಕಾದೆ.